ಮಾರ್ಟಿನ್ ಲೂಥರ್ ಕಿಂಗ್ ಅವರ ಗುರು: ಬೆಂಜಮಿನ್ ಮೇಸ್

ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಕೇಳದವರು ನಮ್ಮಲ್ಲಿ ಇರಲಿಕ್ಕಿಲ್ಲ. ಆದರೆ ಕಿಂಗ್ ಯಾವ ಕಾಲೇಜಿನಲ್ಲಿ ಓದಿದರು, ಅಲ್ಲಿ ಅವರನ್ನು ತಿದ್ದಿದವರು ಯಾರು ಎಂದು ನಾನು ಯೋಚಿಸಿರಲೇ ಇಲ್ಲ. ಇತಿಹಾಸದ ಸೆಮಿನಾರಿಗೆ ತಯಾರಿ ಮಾಡುವಾಗ ಬೆಂಜಮಿನ್ ಮೇಸ್ ಎಂಬ ಹೆಸರು ಸಿಕ್ಕಿತು. ಅವರು ನಮ್ಮ ಮೈಸೂರಿಗೂ ಬಂದಿದ್ದರು ಎಂದು ತಿಳಿದ ಮೇಲೆ ಓದುವುದನ್ನು ನಿಲ್ಲಿಸಲಾಗಲಿಲ್ಲ.

ಮೇಸ್ ಹುಟ್ಟಿದ್ದು 1894ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಒಂದು ಹಳ್ಳಿಯಲ್ಲಿ. ತಂದೆ ತಾಯಿ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಇವರೇ ಕೊನೆಯವರು. ನಾಲ್ಕು ವರ್ಷದ ಮಗುವಾಗಿದ್ದಾಗ ಬಂದೂಕು ಹಿಡಿದು ಕುದುರೆ ಏರಿ ಬಂದ ಬಿಳಿಯರ ಗುಂಪೊಂದು ಅವರ ತಂದೆಯನ್ನು ತಡೆದು, ಟೋಪಿ ತೆಗೆಸಿ, ಮತ್ತೆ ಮತ್ತೆ ತಲೆ ಬಾಗಿಸಿತು. ಮೇಸ್ ಅವರ ಬದುಕಿನ ಮೊದಲ ನೆನಪೇ ಇದು.

ಕಪ್ಪು ಮಕ್ಕಳ ಶಾಲೆ ಆಗ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಹತ್ತಿ ಹೊಲದ ಕೆಲಸ. ಹೆಚ್ಚು ಓದಿದರೆ ಮಗ ಹೊಲ ಬಿಡುತ್ತಾನೆ ಎಂದು ತಂದೆ ಒಪ್ಪಲಿಲ್ಲ. ಅಕ್ಷರ ಬಾರದ ತಾಯಿ ಮಾತ್ರ ಮಗನಿಗಾಗಿ ಪ್ರಾರ್ಥಿಸುತ್ತಿದ್ದರು. ಕೊನೆಗೆ ತಂದೆಯ ಮಾತು ಮೀರಿ ಆರೆಂಜ್‌ಬರ್ಗ್ ಎಂಬ ಊರಿನಲ್ಲಿ ಉಳಿದು, ರಾತ್ರಿ ಹೊತ್ತು ಪಾಯಿಖಾನೆ ತೊಳೆದು ಹಣ ಹೊಂದಿಸಿಕೊಂಡು ಓದಿದರು. ಹೈಸ್ಕೂಲು ಮುಗಿದಾಗ ವಯಸ್ಸು 21 ದಾಟಿತ್ತು. ನಾವು ಒಂದು ವರ್ಷ ಹಿಂದೆ ಬಿದ್ದರೆ ಸಾಕು, ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಇವರು ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಬಿಳಿಯರ ಜೊತೆ ಕೂತು ಓದಿ ತಾನೇನೂ ಕಡಿಮೆಯಲ್ಲ ಎಂದು ನೋಡಿಕೊಳ್ಳಬೇಕೆಂಬ ಹಟದಿಂದ ಉತ್ತರದ ಬೇಟ್ಸ್ ಕಾಲೇಜಿಗೆ ಹೋಗಿ 1920ರಲ್ಲಿ ಪದವಿ ಪಡೆದರು. ಮುಂದೆ ಪಾಠ ಹೇಳುತ್ತಾ, ರೈಲಿನಲ್ಲಿ ಪ್ರಯಾಣಿಕರ ಸಾಮಾನು ಹೊರುತ್ತಾ, ಚರ್ಚಿನಲ್ಲಿ ಪಾದ್ರಿಯಾಗಿ ದುಡಿಯುತ್ತಾ 1935ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದರು.

1936ರ ಕೊನೆಯಲ್ಲಿ ಅವರು ಭಾರತಕ್ಕೆ ಬಂದರು. ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಅಹಿಂಸೆಯ ಬಗ್ಗೆ, ಜಾತಿಯ ಬಗ್ಗೆ ಒಂದೂವರೆ ಗಂಟೆ ಮಾತನಾಡಿದರು. 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿನಲ್ಲಿದ್ದರು. ಆಗ ಅಸ್ಪೃಶ್ಯರೆನಿಸಿಕೊಂಡ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆದೊಯ್ದು, ದೊಡ್ಡ ಸಾಧನೆ ಮಾಡಿದ ಅಸ್ಪೃಶ್ಯ ಎಂದೇ ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತಿನಲ್ಲೇ, ತನ್ನ ದೇಶದಲ್ಲಿ ತಾನು ನಿಜಕ್ಕೂ ಅಸ್ಪೃಶ್ಯನೇ ಅಲ್ಲವೇ ಎಂದು ಹೊಳೆಯಿತು. ಮೈಸೂರಿನ ಆ ಮಕ್ಕಳು ಏನಾದರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಮೂರು ವರ್ಷಗಳ ನಂತರ, 1940ರಲ್ಲಿ, ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಹೊಣೆ ಅವರಿಗೆ ಬಂತು. ನಾವು ಪ್ರಾಂಶುಪಾಲರು ಎನ್ನುವವರನ್ನು ಅಲ್ಲಿ ಅಧ್ಯಕ್ಷರು ಎನ್ನುತ್ತಾರೆ. ಗುಲಾಮಗಿರಿ ಹೋದ ಮೇಲೂ ದಕ್ಷಿಣದ ಬಿಳಿಯರ ಕಾಲೇಜುಗಳು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಅವರಿಗಾಗಿಯೇ ಬೇರೆ ಕಾಲೇಜುಗಳು ಹುಟ್ಟಿಕೊಂಡವು. 1867ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾದ ಮೋರ್‌ಹೌಸ್ ಅವುಗಳಲ್ಲಿ ಒಂದು. ಹಿರಿಯರು ಚಂದಾ ಎತ್ತಿ ಕಟ್ಟಿದ ಕಾಲೇಜಿನಲ್ಲಿ ಕೂತು ಓದುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೇಸ್ ಬಂದಾಗ ಬೊಕ್ಕಸ ಬರಿದಾಗಿತ್ತು, ಶುಲ್ಕದ ಬಾಕಿ ಬೆಳೆದಿತ್ತು. ಅವರು ಬಾಕಿ ವಸೂಲಿಗೆ ಎಷ್ಟು ಬಿಗಿಯಾಗಿ ನಿಂತರೆಂದರೆ ವಿದ್ಯಾರ್ಥಿಗಳು ಆ ವರ್ಷ ಬಂದ ಸಿನಿಮಾವೊಂದರ ಹೆಸರು ಹಿಡಿದು ಅವರನ್ನು ಬಕ್ ಬೆನ್ನಿ ಎಂದು ಕರೆದರು. ಬಕ್ ಎಂದರೆ ಆಡುಮಾತಿನಲ್ಲಿ ಡಾಲರ್. ಶುಲ್ಕದ ನೋಟಿಸು ಕಂಡರೆ ಮುಖ ತಿರುಗಿಸುವ ನಮ್ಮಂಥವರಿಗೆ ಆ ಹುಡುಗರ ಸಂಕಟ ಅರ್ಥವಾಗುತ್ತದೆ. ಪಾಯಿಖಾನೆ ತೊಳೆದು ಶುಲ್ಕ ಕಟ್ಟಿದವರೇ ಹೀಗೆ ಮಾಡಬೇಕೇ ಎಂದು ನನಗೂ ಅನ್ನಿಸಿತು. ಆದರೆ ಹಣವಿಲ್ಲದಿದ್ದರೆ ಒಳ್ಳೆಯ ಅಧ್ಯಾಪಕರನ್ನು ತರುವುದು ಹೇಗೆ? ಬಡವರ ಕಾಲೇಜು ಎಂಬ ಕಾರಣಕ್ಕೆ ಪಾಠದ ಮಟ್ಟ ಇಳಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಅವರು ನಿವೃತ್ತರಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಅಧ್ಯಾಪಕರು ಪಿಎಚ್‌.ಡಿ. ಪಡೆದವರಾಗಿದ್ದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಮೋರ್‌ಹೌಸ್ ಹುಡುಗರ ಕಾಲೇಜು. ಹುಡುಗರೆಲ್ಲ ಸೈನ್ಯಕ್ಕೆ ಹೋದರೆ ತರಗತಿಯಲ್ಲಿ ಉಳಿಯುವವರು ಯಾರು? ಯುದ್ಧ ಮುಗಿಯುವವರೆಗೆ ಕಾಲೇಜನ್ನೇ ಮುಚ್ಚೋಣ ಎಂಬ ಸಲಹೆ ಆಡಳಿತ ಮಂಡಳಿಯ ಕಡೆಯಿಂದಲೇ ಬಂತು. ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ತೆರೆಯುತ್ತದೆಂದು ಯಾರು ಹೇಳಬಲ್ಲರು? ಮೇಸ್ ಒಪ್ಪಲಿಲ್ಲ. ಹನ್ನೊಂದನೇ ತರಗತಿ ಮುಗಿಸಿದ, ಇನ್ನೂ ಸೈನ್ಯದ ವಯಸ್ಸಿಗೆ ಬಾರದ ಹುಡುಗರಿಗೆ ಪ್ರವೇಶ ಪರೀಕ್ಷೆ ಇಟ್ಟು ಒಂದು ವರ್ಷ ಮೊದಲೇ ಸೇರಿಸಿಕೊಳ್ಳತೊಡಗಿದರು.

1944ರಲ್ಲಿ ಹಾಗೆ ಸೇರಿದವರಲ್ಲಿ 15 ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು. ನಮ್ಮ ಪ್ರಥಮ ಪಿಯು ಹುಡುಗರಿಗಿಂತ ಚಿಕ್ಕವರು! ಬೇರ್ಪಡಿಸಿದ ಶಾಲೆಗಳಲ್ಲಿ ಓದಿ ಬಂದಿದ್ದ ಅವರ ಓದುವ ಸಾಮರ್ಥ್ಯ ಆಗ ಎಂಟನೇ ತರಗತಿಯ ಮಟ್ಟದಲ್ಲಿತ್ತಂತೆ. ಪ್ರತಿ ಮಂಗಳವಾರ ಬೆಳಿಗ್ಗೆ ಮೇಸ್ ಎಲ್ಲ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತನಾಡುತ್ತಿದ್ದರು. ಬಣ್ಣದ ಹೆಸರಿನಲ್ಲಿ ಬೇರೆ ಕೂರಿಸುವ ಜಾಗಕ್ಕೆ ನೀವಾಗಿಯೇ ಹೋಗಿ ಕೂರಬೇಡಿ ಎಂಬುದು ಅವರು ಬಿಡದೆ ಹೇಳುತ್ತಿದ್ದ ಮಾತು. ಮಾತು ಮುಗಿದ ಮೇಲೆ ಕಿಂಗ್ ಹಿಂದೆಯೇ ಹೋಗಿ ಪ್ರಶ್ನೆ ಕೇಳುತ್ತಿದ್ದರು, ಕೆಲವೊಮ್ಮೆ ವಾದವನ್ನೂ ಮಾಡುತ್ತಿದ್ದರು. ಮೇಸ್‌ಗೆ ಅದು ಇಷ್ಟ.

ಅದೇ ವರ್ಷ, ಟಸ್ಕೀಗಿ ಸಂಸ್ಥೆಯ ಫ್ರೆಡರಿಕ್ ಪ್ಯಾಟರ್ಸನ್ ಅವರ ಮುಂದಾಳತ್ವದಲ್ಲಿ ಕಪ್ಪು ಜನರ 27 ಕಾಲೇಜುಗಳು ಸೇರಿ ಒಂದೇ ನಿಧಿ ಸ್ಥಾಪಿಸಿದವು. ಪ್ರತಿಯೊಂದು ಕಾಲೇಜೂ ಒಂಟಿಯಾಗಿ ದಾನಿಗಳ ಬಾಗಿಲು ಬಡಿಯುವ ಬದಲು ಎಲ್ಲರೂ ಒಟ್ಟಾಗಿ ಕೇಳುವುದು ಎಂಬ ಈ ಯೋಜನೆಯನ್ನು ಮೊದಲಿನಿಂದ ಬೆಂಬಲಿಸಿದವರಲ್ಲಿ ಮೇಸ್ ಕೂಡ ಇದ್ದರು. ಆ ನಿಧಿ ಇಂದಿಗೂ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿದೆ.

27 ವರ್ಷ ಕಾಲೇಜು ನಡೆಸಿ ಮೇಸ್ 1967ರಲ್ಲಿ ನಿವೃತ್ತರಾದರು. ತಮ್ಮಿಬ್ಬರಲ್ಲಿ ಯಾರು ಮೊದಲು ಹೋದರೂ ಇನ್ನೊಬ್ಬರು ಅಂತ್ಯಕ್ರಿಯೆಯಲ್ಲಿ ಮಾತನಾಡಬೇಕು ಎಂದು ಗುರು ಶಿಷ್ಯರು ಒಪ್ಪಿಕೊಂಡಿದ್ದರು. ವಯಸ್ಸಿನ ಲೆಕ್ಕದಲ್ಲಿ ಆ ಕೆಲಸ ಶಿಷ್ಯನ ಪಾಲಿಗೆ ಬರಬೇಕಿತ್ತು. 1968ರ ಏಪ್ರಿಲ್ 9ರಂದು, ಗುಂಡೇಟಿಗೆ ಬಲಿಯಾದ 39 ವರ್ಷದ ಕಿಂಗ್ ಅವರ ದೇಹವನ್ನು ಹೇಸರಗತ್ತೆಗಳು ಎಳೆಯುವ ಗಾಡಿಯಲ್ಲಿ ಅವರ ಹಳೆಯ ಕಾಲೇಜಿಗೆ ತಂದರು. ಅಲ್ಲಿ ಎದ್ದು ನಿಂತು ಮಾತನಾಡಿದವರು 73 ವರ್ಷದ ಮೇಸ್.

ಆಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. 1970ರಿಂದ 1981ರವರೆಗೆ ಅಟ್ಲಾಂಟಾ ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿ, ಕಪ್ಪು ಬಿಳಿ ಮಕ್ಕಳಿಬ್ಬರ ಶಾಲೆಗಳನ್ನೂ ನೋಡಿಕೊಂಡರು. ತೀರಿಕೊಂಡಿದ್ದು 1984ರಲ್ಲಿ. ಅವರ ಸಮಾಧಿ ಈಗ ಮೋರ್‌ಹೌಸ್ ಆವರಣದಲ್ಲೇ ಇದೆ.