ಪದಗಳ ಲೆಕ್ಕ ಬರೆದ ಜೇಮ್ಸ್ ಮರ್ರೇ

ನಮ್ಮ ಮನೆಯಲ್ಲಿ ದಿನವೂ ಕೇಳಿಬರುವ ಪಾಜಾಮಾ ಎಂಬ ಪದ ಇಂಗ್ಲಿಷ್ ನಿಘಂಟಿನಲ್ಲೂ ಇದೆ. ಪಾರಸಿ ಭಾಷೆಯಲ್ಲಿ ಪಾಯ್ ಎಂದರೆ ಕಾಲು, ಜಾಮಾ ಎಂದರೆ ಉಡುಪು. ಇದು ಇಂಗ್ಲಿಷಿನಿಂದ ನಮಗೆ ಬಂದದ್ದಲ್ಲ, ನಮ್ಮಿಂದ ಅಲ್ಲಿಗೆ ಹೋದದ್ದು. ಹೀಗೆ ಒಂದೊಂದು ಪದವೂ ಎಲ್ಲಿ ಹುಟ್ಟಿತು, ಹೇಗೆ ಬದಲಾಯಿತು ಎಂದು ಹುಡುಕುತ್ತ 36 ವರ್ಷ ಕಳೆದವರು ಸರ್ ಜೇಮ್ಸ್ ಮರ್ರೇ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು.

ಮರ್ರೇ ಹುಟ್ಟಿದ್ದು 1837ರಲ್ಲಿ, ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ. ತಂದೆ ದರ್ಜಿ. ಮುಂದೆ ಓದಿಸಲು ಹಣವಿರಲಿಲ್ಲ, ಆದ್ದರಿಂದ 14ನೇ ವಯಸ್ಸಿಗೆ ಶಾಲೆ ಬಿಟ್ಟರು. ಆದರೆ ಕಲಿಯುವುದನ್ನು ಬಿಡಲಿಲ್ಲ. ನಮ್ಮ ವಯಸ್ಸಿಗೆ, ಅಂದರೆ 17ಕ್ಕೆ, ಹಾವಿಕ್ ಊರಿನ ಶಾಲೆಯಲ್ಲಿ ಶಿಕ್ಷಕರಾಗಿದ್ದರು.

ನಂತರ ಕಷ್ಟದ ದಿನಗಳು ಬಂದವು. ಮೊದಲ ಮಗು ಶಿಶುವಾಗಿದ್ದಾಗಲೇ ತೀರಿಕೊಂಡಿತು. ಹೆಂಡತಿ ಮ್ಯಾಗಿಗೆ ಕ್ಷಯರೋಗ ಬಂತು. ಆಕೆಯ ಆರೋಗ್ಯಕ್ಕಾಗಿ ಊರು ಬಿಟ್ಟು ಲಂಡನ್ನಿಗೆ ಬಂದ ಮರ್ರೇ ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಗುಮಾಸ್ತರಾದರು. ಆದರೂ ಆಕೆ ಉಳಿಯಲಿಲ್ಲ. ಹಗಲು ಬ್ಯಾಂಕಿನ ಕೆಲಸ, ಬಿಡುವಿನಲ್ಲಿ ಭಾಷೆಗಳ ಅಭ್ಯಾಸ. 1866ರಲ್ಲಿ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯಕ್ಕೆ ಅರ್ಜಿ ಹಾಕಿದಾಗ ಹೀಬ್ರೂ, ಸಿರಿಯಾಕ್ ಮುಂತಾದ ಅನೇಕ ಭಾಷೆಗಳನ್ನು ಪಟ್ಟಿ ಮಾಡಿ, ಸ್ವಲ್ಪಮಟ್ಟಿಗೆ ಅರಬ್ಬಿಯೂ ಬರುತ್ತದೆ ಎಂದು ತಿಳಿಸಿದ್ದರು. ಆ ಕೆಲಸ ಸಿಗಲಿಲ್ಲ.

ಕೆಲ ವರ್ಷಗಳ ನಂತರ ಮಿಲ್ ಹಿಲ್ ಶಾಲೆಯಲ್ಲಿ ಶಿಕ್ಷಕರಾದರು. 1879ರಲ್ಲಿ ನಿಘಂಟಿನ ಹೊಣೆ ಅವರ ಹೆಗಲಿಗೆ ಬಂತು. ಹತ್ತು ವರ್ಷಗಳಲ್ಲಿ ಮುಗಿಯುವುದೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ತೋಟದಲ್ಲಿ ಒಂದು ಕಬ್ಬಿಣದ ಶೆಡ್ ಕಟ್ಟಿಸಿ, ಅದರಲ್ಲಿ 1,029 ಚಿಕ್ಕ ಗೂಡುಗಳನ್ನು ಮಾಡಿಸಿದರು. ಹಳೆಯ ಸಂಪಾದಕರಿಂದ ಚೀಟಿಗಳು ಮೂಟೆಗಟ್ಟಲೆ ಬಂದವು. ಒಂದು ಮೂಟೆಯಲ್ಲಿ ಸತ್ತ ಇಲಿಯೂ ಇತ್ತು!

ಕೆಲಸದ ರೀತಿ ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಬೇಗ ಅರ್ಥವಾಗುತ್ತದೆ. ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಹಾಕುವಂತಿಲ್ಲ. ಹಾಗೆಯೇ ಒಂದು ಪದಕ್ಕೆ ಅರ್ಥ ಬರೆಯಬೇಕಾದರೆ ಅದನ್ನು ಯಾವ ವರ್ಷ, ಯಾವ ಪುಸ್ತಕದಲ್ಲಿ, ಯಾರು ಬಳಸಿದರು ಎಂಬ ಚೀಟಿ ಬೇಕು. ಸಾಮಾನ್ಯ ಓದುಗರು ಈ ಚೀಟಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಮರ್ರೇಯವರ ಮಕ್ಕಳು ಕೈಖರ್ಚಿನ ಹಣಕ್ಕಾಗಿ ಅವುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುತ್ತಿದ್ದರು.

ಐದು ವರ್ಷ ದುಡಿದ ಮೇಲೆ, 1884ರಲ್ಲಿ ಮೊದಲ ಭಾಗ ಹೊರಬಂತು. ಅದು ಎ ಅಕ್ಷರದಿಂದ ಆ್ಯಂಟ್ ಎಂಬ ಪದದವರೆಗೆ ಮಾತ್ರ! ಆ ಎ ಅಕ್ಷರದ ಕಥೆಯೇ ದೊಡ್ಡದು. ಫಿನೀಷಿಯನ್ನರು ಅದರ ಮೂಲ ಅಕ್ಷರವನ್ನು ಆಲೆಫ್, ಅಂದರೆ ಎತ್ತು, ಎಂದು ಕರೆಯುತ್ತಿದ್ದರು. ಎ ಅಕ್ಷರವನ್ನು ತಲೆಕೆಳಗು ಮಾಡಿದರೆ ಇಂದಿಗೂ ಎರಡು ಕೊಂಬು ಕಾಣುತ್ತವೆ. ಬಿ ಅಕ್ಷರ ಬೇತ್, ಅಂದರೆ ಮನೆ. ಗ್ರೀಕರ ಬಾಯಲ್ಲಿ ಇವು ಆಲ್ಫಾ, ಬೀಟಾ ಆದವು, ಅದರಿಂದ ಆಲ್ಫಬೆಟ್ ಆಯಿತು. ನಾವು ಚಿಕ್ಕಂದಿನಲ್ಲಿ ಕಲಿತ ಅಲಿಫ್, ಬೇ ಕೂಡ ಇದೇ ವಂಶದವು.

ನಾವು ದಿನವೂ ಓದುವ ಪದಗಳನ್ನೂ ನೋಡಿ. ಬ್ಯಾಂಕ್ ಎಂದರೆ ಮೂಲದಲ್ಲಿ ಬೆಂಚು. ಹಣ ಬದಲಾಯಿಸುವವರು ಬೆಂಚಿನ ಮೇಲೆ ವ್ಯವಹಾರ ಮಾಡುತ್ತಿದ್ದರು. ಕಂಪನಿ ಎಂದರೆ ರೊಟ್ಟಿ ಹಂಚಿಕೊಂಡು ತಿನ್ನುವವರ ಗುಂಪು. ಚೆಕ್ ಎಂಬ ಪದದ ಬೇರು ಹುಡುಕಿದರೆ ಚದುರಂಗದ ಶಾಹ್, ಪಾರಸಿಯ ರಾಜ, ಸಿಗುತ್ತಾನೆ.

ಮರ್ರೇಯವರಿಂದಲೂ ತಪ್ಪಾಯಿತು. ಬಾಂಡ್‌ಮೇಡ್, ಅಂದರೆ ದಾಸಿ, ಎಂಬ ಪದದ ಚೀಟಿಗಳು ಕಳೆದುಹೋಗಿ, ಆ ಭಾಗ ಅಚ್ಚಾದ ಮೇಲೆ ಸಿಕ್ಕಿದವು. ಅವರು ಅದಕ್ಕೆ ತುಂಬ ನೊಂದುಕೊಂಡರು. ಆ ಪದ ಸೇರಿದ್ದು ಅವರ ಮರಣದ ನಂತರ, 1933ರ ಪುರವಣಿಯಲ್ಲಿ.

1908ರಲ್ಲಿ ಅವರಿಗೆ ಸರ್ ಪದವಿ ಬಂತು. 1915ರ ಜುಲೈ 26ರಂದು, 78ನೇ ವಯಸ್ಸಿನಲ್ಲಿ, ಟಿ ಅಕ್ಷರದ ಕೆಲಸ ನಡೆದಿರುವಾಗಲೇ ತೀರಿಕೊಂಡರು. ನಿಘಂಟು ಮುಗಿದದ್ದು 1928ರಲ್ಲಿ. ಹತ್ತು ಸಂಪುಟ, ನಾಲ್ಕು ಲಕ್ಷಕ್ಕೂ ಹೆಚ್ಚು ಪದ. ಸುಮಾರು ಅರ್ಧ ಭಾಗ ಮರ್ರೇಯವರೇ ಸಂಪಾದಿಸಿದ್ದು. ಪೂರ್ಣ ನಿಘಂಟನ್ನು ನೋಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ.

ಇಂಗ್ಲಿಷ್ ಪೀರಿಯಡ್‌ನಲ್ಲಿ ತಪ್ಪು ಹೇಳಿದರೆ ಯಾರಾದರೂ ನಕ್ಕಾರು ಎಂದು ನನ್ನ ಹಾಗೆ ಸುಮ್ಮನೆ ಕೂರುವವರು ನಮ್ಮಲ್ಲಿ ಅನೇಕರಿದ್ದಾರೆ. ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಕೆಲಸಕ್ಕೆ ಹೋಗುವ ಗೆಳೆಯರೂ ಇದ್ದಾರೆ. ಶಾಲೆ ಬಿಟ್ಟ ದರ್ಜಿಯ ಮಗ ಬ್ಯಾಂಕಿನ ಕೆಲಸದ ನಡುವೆಯೂ ಓದಿದ್ದನ್ನು ನಾವು ನೆನಪಿಡಬೇಕು. ಗೊತ್ತಿಲ್ಲದ ಪದ ಎದುರಾದಾಗ ಹೆದರುವ ಬದಲು ಲೈಬ್ರರಿಗೆ ಹೋಗಿ ನಿಘಂಟು ತೆರೆಯೋಣ. ಅದು ನಮ್ಮ ಮನೆಯ ಪದವೇ ಆಗಿರಬಹುದು.