ಶೇಕ್ ದೀನ್ ಮಹಮದ್

ಜೀವನೋಪಾಯವನ್ನು ಅರಸಿ ಪರದೇಶಕ್ಕೆ ಹೋದವರು ಅನೇಕರು. ಅಲ್ಲಿ ಸೋತು, ತಾಯ್ನಾಡಿನ ವಿದ್ಯೆಯಿಂದಲೇ ಮತ್ತೆ ತಲೆಯೆತ್ತಿ ನಿಂತವರು ವಿರಳ. ಅಂಥವರಲ್ಲಿ ಶೇಕ್ ದೀನ್ ಮಹಮದರು ಒಬ್ಬರು.

ಅವರು ೧೭೫೯ರಲ್ಲಿ ಪಾಟ್ನಾದಲ್ಲಿ ಜನಿಸಿದರು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿದ್ದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮಹಮದರು ಗಾಡ್‌ಫ್ರೆ ಬೇಕರ್ ಎಂಬ ಐರಿಷ್ ಸೇನಾಧಿಕಾರಿಯ ಆಶ್ರಯ ಪಡೆದು ದಂಡಿನೊಡನೆ ಹೊರಟರು. ಕ್ರಮೇಣ ಸುಬೇದಾರ್ ಪದವಿಗೇರಿದರು. ಮುಂದೆ ಬೇಕರನು ಸೈನ್ಯವನ್ನು ಬಿಟ್ಟಾಗ ಇವರೂ ಬಿಟ್ಟು, ೧೭೮೪ರಲ್ಲಿ ಅವನೊಡನೆ ಐರ್ಲೆಂಡಿನ ಕಾರ್ಕ್ ನಗರವನ್ನು ಸೇರಿದರು. ಅಲ್ಲಿ ಇಂಗ್ಲಿಷ್ ಭಾಷೆಯನ್ನು ಕಲಿತು, ಜೇನ್ ಡೇಲಿ ಎಂಬ ಐರಿಷ್ ಯುವತಿಯನ್ನು ವಿವಾಹವಾದರು. ೧೭೯೪ರಲ್ಲಿ ತಮ್ಮ ಪ್ರವಾಸಗಳ ವೃತ್ತಾಂತವನ್ನು ಪ್ರಕಟಿಸಿದರು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಗ್ರಂಥವೆಂಬ ಹಿರಿಮೆ ಅದಕ್ಕಿದೆ.

ಅನಂತರ ಅವರು ಸಂಸಾರಸಮೇತ ಲಂಡನ್ನಿಗೆ ಹೋದರು. ೧೮೧೦ರಲ್ಲಿ ಪೋರ್ಟ್‌ಮನ್ ಚೌಕದ ಬಳಿಯ ಜಾರ್ಜ್ ಬೀದಿಯಲ್ಲಿ ಹಿಂದೂಸ್ತಾನಿ ಕಾಫಿಗೃಹವನ್ನು ತೆರೆದರು. ಹೆಸರು ಕಾಫಿಗೃಹವಾದರೂ ಅದು ಭಾರತೀಯ ಭೋಜನಾಲಯ. ಮಸಾಲೆಯ ಮೇಲೋಗರಗಳು, ಬಿದಿರಿನ ಕುರ್ಚಿಗಳು, ಗೋಡೆಯ ಮೇಲೆ ಭಾರತದ ಚಿತ್ರಗಳು, ಹುಕ್ಕಾ ಸೇದಲು ಪ್ರತ್ಯೇಕ ಕೊಠಡಿ ಅಲ್ಲಿದ್ದುವು. ಭಾರತದಿಂದ ಹಿಂದಿರುಗಿದ ಆಂಗ್ಲರು ಬರುವರೆಂದು ಅವರು ನಂಬಿದ್ದರು. ಆದರೆ ಅಂಥ ಸಿರಿವಂತರಲ್ಲಿ ಹಲವರು ಭಾರತೀಯ ಅಡುಗೆ ಬಲ್ಲವರನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರು. ಆದಾಯವು ವೆಚ್ಚಕ್ಕೆ ಸಾಲದೆ ಹೋಯಿತು. ೧೮೧೨ರಲ್ಲಿ ಮಹಮದರು ದಿವಾಳಿಯಾದರು.

ಆಗ ಅವರ ವಯಸ್ಸು ಐವತ್ತನ್ನು ಮೀರಿತ್ತು. ಸಂಸಾರದ ಭಾರ ಹೆಗಲ ಮೇಲಿತ್ತು. ಒಮ್ಮೆ ಸುಬೇದಾರರಾಗಿದ್ದವರು, ಸಿರಿವಂತರ ಮನೆಯಲ್ಲಿ ಪರಿಚಾರಕನ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ದುಡಿಮೆಯಲ್ಲಿ ಕೀಳೆಂಬುದನ್ನು ಅವರು ಕಾಣಲಿಲ್ಲ.

ಬಳಿಕ ಕಡಲತೀರದ ಬ್ರೈಟನ್ ಪಟ್ಟಣಕ್ಕೆ ಹೋಗಿ ಸ್ನಾನಗೃಹದ ಉದ್ಯೋಗವನ್ನು ಕೈಗೊಂಡರು. ಮೂಲಿಕೆಗಳ ಹಬೆಯಿಂದ ಬೆವರಿಳಿಸಿ, ಭಾರತೀಯ ಕ್ರಮದಲ್ಲಿ ಮೈಯನ್ನು ನೀವುವುದು ಅಲ್ಲಿಯ ಚಿಕಿತ್ಸೆ. ಈ ಮರ್ದನವನ್ನು ಆಂಗ್ಲರು 'ಶಾಂಪೂ' ಎನ್ನುತ್ತಿದ್ದರು. ಇಂದು ತಲೆ ತೊಳೆಯುವ ದ್ರವಕ್ಕೆ ಸಲ್ಲುವ ಆ ಹೆಸರು ಹಿಂದಿಯ ಚಾಂಪನಾ ಎಂಬ ಕ್ರಿಯಾಪದದಿಂದ ಬಂದುದು. ಮಹಮದರ ಕೈಗುಣದ ಖ್ಯಾತಿ ಅರಮನೆಗೂ ಮುಟ್ಟಿತು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳು ಅವರನ್ನು ತಮ್ಮ ಮರ್ದನ ಚಿಕಿತ್ಸಕರನ್ನಾಗಿ ನೇಮಿಸಿಕೊಂಡರು.

ಇಳಿವಯಸ್ಸಿನಲ್ಲಿ ಆ ಸ್ನಾನಗೃಹವೂ ಪರರ ವಶವಾಯಿತು. ೧೮೫೧ರಲ್ಲಿ ಅವರು ಬ್ರೈಟನ್ನಿನಲ್ಲಿ ನಿಧನ ಹೊಂದಿದರು. ಅವರ ಭೋಜನಾಲಯವಿದ್ದ ಬೀದಿಯಲ್ಲಿ ೨೦೦೫ರಲ್ಲಿ ಸ್ಮಾರಕ ಫಲಕವೊಂದನ್ನು ಸ್ಥಾಪಿಸಲಾಯಿತು. ಐಶ್ವರ್ಯವು ಬರುತ್ತದೆ, ಹೋಗುತ್ತದೆ. ಕಲಿತ ವಿದ್ಯೆ ಮತ್ತು ದುಡಿಯುವ ಛಲ ಮನುಷ್ಯನ ಕೈಬಿಡುವುದಿಲ್ಲವೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.