ಮಿರ್ಝಾ ಗಾಲಿಬ್ ಬೇಡವೆಂದ ಶೇರ್‌ಗಳು

ನಮ್ಮ ಬ್ಯಾರಿ ಮನೆಗಳಲ್ಲಿ ಉರ್ದು ಮನೆಮಾತಲ್ಲ. ಆದರೂ ಮಿರ್ಝಾ ಗಾಲಿಬ್ ಅಂದರೆ ಯಾರು ಅಂತ ಕೇಳುವವರು ಕಡಿಮೆ. ಜಗಜಿತ್ ಸಿಂಗ್ ಹಾಡಿದ ಗಝಲ್‌ಗಳಿಂದಲೋ ದೂರದರ್ಶನದ ಹಳೇ ಧಾರಾವಾಹಿಯಿಂದಲೋ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಇಂಥ ಕವಿ ತಾನು ಬರೆದ ಉರ್ದು ಶಾಯಿರಿಯಲ್ಲಿ ದೊಡ್ಡ ಪಾಲನ್ನು ತಾನೇ ಹೊರಗಿಟ್ಟಿದ್ದರು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಅಸದುಲ್ಲಾ ಬೇಗ್ ಖಾನ್ ಹುಟ್ಟಿದ್ದು 1797ರ ಡಿಸೆಂಬರ್ 27ರಂದು, ಆಗ್ರಾದಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು. ಹದಿಮೂರಕ್ಕೆ ನಿಕಾಹ್, ಆಮೇಲೆ ದಿಲ್ಲಿ ವಾಸ. ಮೀಸೆ ಮೂಡುವ ಮೊದಲೇ ಶಾಯಿರಿ ಶುರುವಾಗಿತ್ತು. ಆಗ ಅವರಿಗೆ ಫಾರ್ಸಿ ಕವಿ ಬೇದಿಲ್‌ರದ್ದೇ ಗುಂಗು. ಶೇರ್‌ನಲ್ಲಿ ಕ್ರಿಯಾಪದ ತೆಗೆದರೆ ಉಳಿದದ್ದೆಲ್ಲ ಫಾರ್ಸಿ. ಮುಶಾಯಿರಾದಲ್ಲಿ ಕೇಳಿದವರಿಗೆ ಅರ್ಥವಾಗದೆ ಗೇಲಿ ಮಾಡಿದ್ದೂ ಉಂಟು. ಮಿರ್ಝಾ ಜಗ್ಗಲಿಲ್ಲ.

ಜಗ್ಗಿದ್ದು ಗೆಳೆಯರ ಮಾತಿಗೆ. ಶಿಷ್ಯ ಹಾಲಿ ಬರೆದ ಜೀವನಚರಿತ್ರೆಯ ಪ್ರಕಾರ, ಈ ಬರವಣಿಗೆ ಬಿಡು ಅಂತ ತಿದ್ದಿದವರು ಮೌಲಾನಾ ಫಝ್ಲೆ ಹಕ್ ಖೈರಾಬಾದಿ. 1857ರ ದಂಗೆಯ ಬಳಿಕ ಬ್ರಿಟಿಷರು ಅಂಡಮಾನಿಗೆ ಕಳಿಸಿದ, ಅಲ್ಲೇ 1861ರಲ್ಲಿ ವಫಾತ್ ಆದ ಅದೇ ಆಲಿಂ. 1841ರಲ್ಲಿ ದಿಲ್ಲಿಯಲ್ಲಿ ಅಚ್ಚಾದ ಉರ್ದು ದೀವಾನಿನಲ್ಲಿ ಉಳಿದದ್ದು ಸುಮಾರು 1,100 ಶೇರ್ ಮಾತ್ರ. ಪ್ರಾಸ ಕೂಡಿದ್ದನ್ನೆಲ್ಲ ಪುಸ್ತಕ ಮಾಡಿಸುವವರು ಇದನ್ನೊಮ್ಮೆ ಯೋಚಿಸಬೇಕು!

ಮುಪ್ಪಿನಲ್ಲಿ ಒಂದು ಪತ್ರದಲ್ಲಿ ಮಿರ್ಝಾ ಸಾಹೇಬರು ಇದನ್ನೇ ನೆನೆಸಿಕೊಂಡರು. ಹದಿನೈದರಿಂದ ಇಪ್ಪತ್ತೈದರವರೆಗೆ ಬರೆದದ್ದೆಲ್ಲ ಬರೀ ಕಲ್ಪನೆ, ಬುದ್ಧಿ ಬಂದ ಮೇಲೆ ಹಾಳೆ ಹರಿದು ಹಾಕಿದೆ, ಮಾದರಿಗೆ ಹತ್ತು ಹದಿನೈದು ಶೇರ್ ಇಟ್ಟುಕೊಂಡೆ ಎಂಬರ್ಥದಲ್ಲಿ ಬರೆದರು.

ಲೆಕ್ಕ ಮಾತ್ರ ಹಾಗಿಲ್ಲ. 1821ರ, ಅಂದರೆ ಅವರಿಗೆ 24 ತುಂಬುವ ಹೊತ್ತಿನ ಒಂದು ಕೈಬರಹದ ಪ್ರತಿ ಭೋಪಾಲದಲ್ಲಿ ಉಳಿದಿತ್ತು. ಅದು 1921ರಲ್ಲಿ ನುಸ್ಖಾ-ಎ-ಹಮೀದಿಯಾ ಹೆಸರಲ್ಲಿ ಅಚ್ಚಾಯಿತು. ಹೋಲಿಸಿ ನೋಡಿದರೆ ದೀವಾನಿನಲ್ಲಿ ಉಳಿದ ಎಳೆವಯಸ್ಸಿನ ಶೇರ್‌ಗಳು ಹತ್ತು ಹದಿನೈದಲ್ಲ, ಎಷ್ಟೋ ಪಟ್ಟು ಹೆಚ್ಚು. ದೀವಾನಿನ ಮೊಟ್ಟಮೊದಲ ಗಝಲೇ ಆ ಕಾಲದ್ದು. ಬಾಯಲ್ಲಿ ಹೇಳಿದಷ್ಟು ನಿಷ್ಠುರವಾಗಿ ಅವರ ಕೈ ಕತ್ತರಿಸಲಿಲ್ಲ ಅಂತ ನಮಗನ್ನಿಸುತ್ತದೆ. ಅವರು ಕೈಬಿಟ್ಟ ಶೇರ್‌ಗಳಲ್ಲೂ ಮುತ್ತುಗಳಿವೆ ಅಂತ ಮೆಚ್ಚುವವರು ಈಗ ಇದ್ದಾರೆ. ಬಹುಪಾಲು ತೊಡಕಿನವೇ ಎಂಬ ಮಾತೂ ಸುಳ್ಳಲ್ಲ.

ಇನ್ನೊಂದು ತೀರ್ಮಾನ ಮಾತ್ರ ತಲೆಕೆಳಗಾಯಿತು. ತನ್ನ ನಿಜವಾದ ಹೆಚ್ಚುಗಾರಿಕೆ ಫಾರ್ಸಿಯಲ್ಲಿದೆ, ಉರ್ದು ಏನೂ ಅಲ್ಲ ಅಂತ ಅವರು ನಂಬಿದ್ದರು. ಜನ ಹಿಡಿದುಕೊಂಡದ್ದು ಉರ್ದುವನ್ನು. ಇದಿರು ಕೂತು ಮಾತಾಡುವ ಹಾಗೆ ಗೆಳೆಯರಿಗೆ ಬರೆದ ಉರ್ದು ಪತ್ರಗಳನ್ನು ಅಚ್ಚು ಹಾಕಿಸೋಣ ಅಂದಾಗ ಮೊದಲು ಬೇಡವೆಂದರು, ಅದರಿಂದ ತನ್ನ ಹೆಸರಿಗೆ ಕುಂದು ಎಂಬ ಅಳುಕು. ಕಡೆಗೂ 1868ರಲ್ಲಿ ಮೊದಲ ಸಂಕಲನ ಬಂತು. 1869ರ ಫೆಬ್ರವರಿ 15ರಂದು ಮಿರ್ಝಾ ಕಣ್ಣು ಮುಚ್ಚಿದರು, ಎರಡನೇ ಸಂಕಲನ ಹೊರಬಿದ್ದದ್ದು ಕೆಲವೇ ವಾರಗಳ ನಂತರ. ಇವತ್ತು ಉರ್ದು ಗದ್ಯದ ಮಾತು ಬಂದಾಗ ಮೊದಲು ನೆನಪಾಗುವ ಪುಸ್ತಕಗಳಲ್ಲಿ ಆ ಎರಡೂ ಇವೆ.